ಸಿಗರೇಟ್ ಬಿಟ್ಟು 47 ದಿನ ಆಗಿತ್ತು, ನಿನ್ನೆ ಒಂದು ಎಳೆದುಬಿಟ್ಟೆ. ಎಣಿಕೆ ಮತ್ತೆ ಒಂದರಿಂದಾನಾ?

ಸ್ಲೋ ಲೋಕಲ್, ಡೊಂಬಿವಲಿ (ಬುಧವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಯಸ್ಸು 41. ಊರು ಶಿರಸಿ ಕಡೆ. ಮುಂಬಯಿಗೆ ಬಂದು 18 ವರ್ಷ. ನನ್ನ ಸಿಗರೇಟಿಗೂ ಅಷ್ಟೇ ವಯಸ್ಸು, ಯಾಕೆಂದರೆ ಬಂದ ಮೊದಲ ತಿಂಗಳೇ ಆಫೀಸಿನ ಕೆಳಗಿನ ಟಪರಿಯಲ್ಲಿ (ರಸ್ತೆಬದಿಯ ಚಹಾ ಗೂಡಂಗಡಿ) ಕಟಿಂಗ್ ಚಹಾದ (ಅರ್ಧ ಲೋಟ) ಜೊತೆ ಶುರುವಾಗಿದ್ದು. ಆಗ ಹಿಂದಿ ಅರೆಬರೆ, ಮರಾಠಿ ಗೊತ್ತೇ ಇರಲಿಲ್ಲ. ಕೈಯಲ್ಲಿ ಸಿಗರೇಟ್ ಹಿಡಿದು ನಿಂತರೆ ಗುಂಪಿನಲ್ಲಿ ಮಾತಾಡದೇ ಇದ್ದರೂ ನಡೆಯುತ್ತಿತ್ತು. ಆಮೇಲೆ ಭಾಷೆ ಬಂತು, ಸಿಗರೇಟ್ ಮಾತ್ರ ಹೋಗಲಿಲ್ಲ. ದಿನಕ್ಕೆ ಹತ್ತು ಹನ್ನೆರಡು, ಕೆಲಸ ಜಾಸ್ತಿ ಇದ್ದರೆ ಹದಿನೈದು.

ಈ ಸಲ ಬಿಟ್ಟು 47 ದಿನ ಆಗಿತ್ತು. ನಿಕೋಟಿನ್ ಗಮ್ ಇಲ್ಲ, ಔಷಧಿ ಇಲ್ಲ. ಒಂದು ದಿನ ಬೆಳಿಗ್ಗೆ ಪ್ಯಾಕೆಟ್ ನೆನೆಸಿ ಕಸದ ಬುಟ್ಟಿಗೆ ಹಾಕಿದೆ (ನೆನೆಸದೇ ಹಾಕಿದರೆ ಮಧ್ಯರಾತ್ರಿ ಹುಡುಕಿ ತೆಗೆಯುತ್ತೇನೆ ಅಂತ ಹಿಂದಿನ ಸಲ ಗೊತ್ತಾಗಿತ್ತು). ಮೊದಲ ಮೂರು ದಿನ ನರಕ. ಎರಡನೇ ವಾರ ಕೆಮ್ಮು, ಬಾಯಿ ಹುಣ್ಣು. ತಿಂಗಳ ಹೊತ್ತಿಗೆ ಪರವಾಗಿಲ್ಲ ಅನಿಸಿತು. ಘಾಟ್ಕೋಪರ್ ಸೇತುವೆ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದ ದಿನ ಸ್ವಲ್ಪ ಜಂಬವೂ ಬಂತು.

ನಿನ್ನೆಯ ಮಳೆ ನಿಮಗೆ ಗೊತ್ತಲ್ಲ. ಗಾಡಿ ಕಾಂಜೂರ್‌ಮಾರ್ಗ್ ದಾಟಿ ನಿಂತದ್ದು ನಿಂತೇಬಿಟ್ಟಿತು. ಮುಕ್ಕಾಲು ಗಂಟೆ ಕಾದು ಎಲ್ಲರ ಹಾಗೆ ನಾವೂ ಇಳಿದು ಹಳಿಗುಂಟ ನಡೆದು ಭಾಂಡುಪ್ ಸೇರಿದೆವು, ನಾನು ಮತ್ತು ಆಫೀಸಿನ ಒಬ್ಬ ಗೆಳೆಯ. ಸ್ಟೇಷನ್ ಹೊರಗೆ ನೀಲಿ ತಾಡಪತ್ರಿ ಕಟ್ಟಿದ ಒಂದು ಟಪರಿ, ಅದರಡಿ ಹನ್ನೆರಡು ಜನ. ಅಂಗಿಯಿಂದ ನೀರು ಸೋರುತ್ತಿದೆ, ಕೈಯಲ್ಲಿ ಬಿಸಿ ಚಹಾ, ಪಕ್ಕದಲ್ಲಿ ಅವನು ಹಚ್ಚಿದ. ಎರಡು ದಮ್ ಎಳೆದು ಹಳೇ ಅಭ್ಯಾಸದಂತೆ ನನ್ನ ಕಡೆ ಚಾಚಿದ. ಅವನೂ ಯೋಚಿಸಲಿಲ್ಲ, ನನ್ನ ಕೈಯೂ ನನ್ನನ್ನು ಕೇಳಲಿಲ್ಲ. ಅದು ಮುಗಿದ ಮೇಲೆ ನಂದೇ ಅಂತ ಇನ್ನೊಂದು ತೆಗೆದುಕೊಂಡೆ. ಅಲ್ಲಿಗೆ ನೆಪ ಹೇಳಲಿಕ್ಕೂ ಬರಲ್ಲ. ರುಚಿ ಹಸಿ ಸೌದೆ ಸುಟ್ಟ ಹಾಗಿತ್ತು, ತಲೆ ಗಿರ್ರ್ ಅಂತು, ಆದರೂ ಪೂರ್ತಿ ಸೇದಿದೆ. 20 ರೂಪಾಯಿ ಕೊಟ್ಟಿದ್ದೆ ಅಲ್ವಾ.

ಈಗ ತೊಂದರೆ ಏನೆಂದರೆ, ಒಂಬತ್ತು ವರ್ಷದ ಮಗಳು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ದಿನಾ ರಾತ್ರಿ ಒಂದು ಟಿಕ್ ಹಾಕುತ್ತಾಳೆ. ನಿನ್ನೆಯೂ ಹಾಕಿದಳು, 48ನೆಯದು. ನಾನು ಟವೆಲ್‌ನಲ್ಲಿ ತಲೆ ಒರೆಸಿಕೊಳ್ಳುತ್ತಾ ನೋಡುತ್ತಾ ನಿಂತಿದ್ದೆ. ಬಾಯಲ್ಲಿ ನಾಲ್ಕು ಏಲಕ್ಕಿ.

ಪ್ರಶ್ನೆ ಎರಡು. ಎಣಿಕೆ ಮತ್ತೆ ಒಂದರಿಂದ ಶುರು ಮಾಡಬೇಕಾ? ಮತ್ತೆ, ಇವತ್ತು ಬೆಳಿಗ್ಗೆಯಿಂದ ಆಸೆ ಮೂರನೇ ದಿನದ ಹಾಗೆ ಒದ್ದುಕೊಂಡು ಬರುತ್ತಿದೆ, ಎರಡೇ ಸಿಗರೇಟಿಗೆ ಹೀಗಾಗುತ್ತದಾ?


ಮಾಟುಂಗಾ ಮಾಣಿ

ಒಂದರಿಂದ. ಮತ್ತೆಂಥ ಕೇಳುವುದು ಮಾರಾಯ್ರೇ.

ಬೇಜಾರು ಮಾಡಬೇಡಿ, ನಾನು ಮೂರು ವರ್ಷ ಬಿಟ್ಟವನು. ಮೂರು ವರ್ಷ! ಕುಂದಾಪುರದಲ್ಲಿ ಚಿಕ್ಕಪ್ಪನ ಮಗನ ಮದುವೆ, ಹಿಂದಿನ ರಾತ್ರಿ ಚಪ್ಪರದ ಹಿಂದೆ ನಾಲ್ಕು ಜನ ನಿಂತಿದ್ದೆವು. ಒಂದು ಎಳೆದೆ. ಏನೂ ಆಗಲಿಲ್ಲ. ಅದೇ ಮೋಸ, ಏನೂ ಆಗುವುದಿಲ್ಲ. ಮುಂಬಯಿಗೆ ವಾಪಸ್ ಬರುವಾಗ ಗಾಡಿಯಲ್ಲಿ ಕೂತು ಒಂದು ಕಾನೂನು ಮಾಡಿಕೊಂಡೆ, ಇನ್ನು ಮೇಲೆ ಫಂಕ್ಷನ್‌ನಲ್ಲಿ ಮಾತ್ರ. ಆಮೇಲೆ ನೋಡಿ, ನನ್ನ ಬದುಕಿನಲ್ಲಿ ಫಂಕ್ಷನ್ ಎಷ್ಟು ಜಾಸ್ತಿ ಆಯಿತು ಅಂದರೆ ಗುರುತಿಲ್ಲದವರ ಗೃಹಪ್ರವೇಶಕ್ಕೂ ಹೋದೆ. ಎರಡು ವಾರದಲ್ಲಿ ದಿನಕ್ಕೆ ಒಂದು ಪ್ಯಾಕ್. ಮತ್ತೆ ಬಿಡಲಿಕ್ಕೆ ನಾಲ್ಕು ವರ್ಷ ಹಿಡಿಯಿತು. ಈಗ 2 ವರ್ಷ 2 ತಿಂಗಳು.

47 ಅಂತ ಹೇಳಿಕೊಂಡು ತಿರುಗಿದರೆ ಮನಸ್ಸು ಏನು ಲೆಕ್ಕ ಹಾಕುತ್ತದೆ ಗೊತ್ತಾ? ಎರಡು ಸೇದಿಯೂ 47 ಉಳಿಯಿತು, ಮೂರು ಸೇದಿದರೂ ಉಳಿದೀತು. ಸೊನ್ನೆಗೆ ಬನ್ನಿ. ನೋಯಲಿ ಸ್ವಲ್ಪ.


ಹಿಂಜವಡಿ ಹೈದ, ಪುಣೆ

ಮಾಣಿಯಣ್ಣಾ, ನಿಮ್ಮ ಲೆಕ್ಕ ನಿಮ್ಮ ಹೋಟೆಲ್ ಗಲ್ಲಾಕ್ಕೆ ಸರಿ. 47 ದಿನಕ್ಕೆ ದಿನಕ್ಕೆ 12 ಅಂದರೆ 564 ಸಿಗರೇಟ್ ಈ ಮನುಷ್ಯ ಸೇದಿಲ್ಲ. ಅದು ಶ್ವಾಸಕೋಶಕ್ಕೆ ಹೋಗಿಲ್ಲ ತಾನೇ? ಎರಡು ಸೇದಿದ ಕೂಡಲೇ ಆ 564 ವಾಪಸ್ ಬಂದು ಒಳಗೆ ಕೂರುತ್ತವಾ?

ನನಗೆ ಈ ಸೊನ್ನೆ ಆಟವೇ ಮುಳುವಾಗಿತ್ತು. ಆ್ಯಪ್ ಹಾಕಿಕೊಂಡಿದ್ದೆ, 31 ದಿನ ತೋರಿಸುತ್ತಿತ್ತು. ಬಾಣೇರ್‌ನಲ್ಲಿ ಒಂದು ಪಾರ್ಟಿ, ಒಂದು ದಮ್. ಪ್ರಾಮಾಣಿಕವಾಗಿ ಒತ್ತಿದೆ, 0 ಅಂತ ಬಂತು. ಆ ಸೊನ್ನೆ ನೋಡಿ, ಹೇಗೂ ಹೋಯಿತಲ್ಲ, ನಾಳೆಯಿಂದ ನೋಡೋಣ ಅಂತ ಅವತ್ತೇ ರಾತ್ರಿ ಒಂಬತ್ತು ಸೇದಿದೆ. ನಾಳೆ ಅನ್ನುವುದು ಬಂದದ್ದು ಎಂಟು ತಿಂಗಳಾದ ಮೇಲೆ.

ಇನ್ನೊಂದು ಪ್ರಶ್ನೆ ಜೊತೆಗೇ ಕೇಳಿಬಿಡುತ್ತೇನೆ, ಬಿಟ್ಟಾಗಿನಿಂದ ಕಾಫಿ ಕುಡಿದರೆ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ನಿದ್ದೆ ಇಲ್ಲ. ಮೊದಲು ದಿನಕ್ಕೆ ಐದು ಕುಡಿದರೂ ಏನೂ ಆಗುತ್ತಿರಲಿಲ್ಲ. ಯಾರಿಗಾದರೂ ಹೀಗಾಗಿದೆಯಾ?


ಗಟ್ಟಿ ಮನಸ್ಸು

ಎಲ್ಲಾ ಮನಸ್ಸಿನಲ್ಲಿದೆ. ಗಟ್ಟಿ ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಬಿಡಬಹುದು. ನಾನು ಬಿಟ್ಟೆ. ಗಮ್ಮು ಗಿಮ್ಮು ಎಲ್ಲ ಕಂಪನಿಗಳ ವ್ಯಾಪಾರ.


ಔಷಧಿ ಅಂಗಡಿ ಅಕ್ಕ, ಪುಣೆ

ಗಟ್ಟಿ ಮನಸ್ಸಿನವರೇ, ನಿಮಗೆ ಒಂದೇ ದಿನದಲ್ಲಿ ಸಾಧ್ಯವಾಯಿತು, ಸಂತೋಷ. ದಿನಾ ನನ್ನ ಕೌಂಟರ್ ಎದುರು ನಿಲ್ಲುವವರು ಮನಸ್ಸು ಗಟ್ಟಿ ಇಲ್ಲದವರಲ್ಲ. ಮೂರು ಮನೆ ಸಾಕುವವರು, ರಾತ್ರಿ ಪಾಳಿ ಮಾಡುವವರು. ಹೊಗೆ ಎಳೆದ ಸುಮಾರು ಹತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ. ಒಂದು ಸಿಗರೇಟಿಗೆ ಹತ್ತು ದಮ್ ಅಂದುಕೊಂಡರೆ, ದಿನಕ್ಕೆ 12ರಂತೆ ದಿನಕ್ಕೆ 120 ಸಲ. 18 ವರ್ಷ. ಇಷ್ಟು ಸಲ ಹೇಳಿಕೊಟ್ಟರೆ ಕಲ್ಲೂ ಪಾಠ ಕಲಿಯುತ್ತದೆ.

ಸ್ಲೋ ಲೋಕಲ್ ಅವರೇ, ನಿಮ್ಮ ಎರಡನೇ ಪ್ರಶ್ನೆ ಮೊದಲು. ಹೌದು, ಆಗುತ್ತದೆ. ದಿನಾ ಸೇದುವವರ ಮಿದುಳಿನಲ್ಲಿ ನಿಕೋಟಿನ್ ಕೂರುವ ಜಾಗಗಳು ಜಾಸ್ತಿ ಆಗಿರುತ್ತವೆ. ಪೂರ್ತಿ ಬಿಟ್ಟ ಮೇಲೆ ಅವು ಮಾಮೂಲಿಗೆ ಬರಲು 6ರಿಂದ 12 ವಾರ ಬೇಕು. ನಿಮ್ಮದು ಏಳನೇ ವಾರ. ಬೂದಿ ಮುಚ್ಚಿದ ಕೆಂಡಕ್ಕೆ ಊದಿದ ಹಾಗಾಯಿತು, ಅಷ್ಟೇ. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೆ ಅರ್ಧ ಇಳಿಯುತ್ತದೆ, ಎರಡು ಮೂರು ದಿನದಲ್ಲಿ ಮೈಯಿಂದ ಹೋಗುತ್ತದೆ. ಹಾಗಾಗಿ ಈ ವಾರ ನಿಮಗೆ ಎರಡು ದಿನ ಕಷ್ಟ ಇದೆ, 47 ದಿನದ ಕಷ್ಟ ಇಲ್ಲ. ಇನ್ನೊಂದು ಊದಬೇಡಿ. ಆಸೆ ಒಮ್ಮೆ ಎದ್ದರೆ ಸಾಮಾನ್ಯವಾಗಿ ಐದು ಹತ್ತು ನಿಮಿಷದಲ್ಲಿ ತಾನಾಗಿಯೇ ಇಳಿಯುತ್ತದೆ, ನೀವು ಕೊಟ್ಟರೂ ಇಳಿಯುತ್ತದೆ, ಕೊಡದಿದ್ದರೂ ಇಳಿಯುತ್ತದೆ.

ಹಿಂಜವಡಿ ಹುಡುಗಾ, ನಿನ್ನದು ಒಳ್ಳೇ ಪ್ರಶ್ನೆ, ಇದನ್ನು ಯಾರೂ ಹೇಳುವುದಿಲ್ಲ. ಸಿಗರೇಟಿನ ಹೊಗೆಯಲ್ಲಿರುವ ಟಾರಿನಿಂದಾಗಿ ಲಿವರ್ ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಬಿಟ್ಟ ಕೆಲವೇ ದಿನಕ್ಕೆ ಆ ವೇಗ ಇಳಿಯುತ್ತದೆ. ಕಾಫಿ ಅಷ್ಟೇ ಕುಡಿಯುತ್ತೀಯ, ಒಳಗೆ ಉಳಿಯುವುದು ಎಷ್ಟೋ ಪಾಲು ಜಾಸ್ತಿ. ಜನ ಅದನ್ನು ಸಿಗರೇಟ್ ಬಿಟ್ಟ ಸಂಕಟ ಅಂದುಕೊಂಡು ಮತ್ತೆ ಸಿಗರೇಟ್ ಹಚ್ಚುತ್ತಾರೆ. ಕಾಫಿ ಅರ್ಧ ಮಾಡು. ಮಾನಸಿಕ ಕಾಯಿಲೆಗೋ ಉಬ್ಬಸಕ್ಕೋ ದಿನಾ ಮಾತ್ರೆ ತೆಗೆದುಕೊಳ್ಳುವವರು ಬಿಡುವ ಮೊದಲು ಡಾಕ್ಟರಿಗೆ ಹೇಳಬೇಕು, ಕೆಲವು ಮಾತ್ರೆಗಳ ಪ್ರಮಾಣ ಇದೇ ಕಾರಣಕ್ಕೆ ಬದಲಾಯಿಸಬೇಕಾಗುತ್ತದೆ.

ಇನ್ನು ಗಮ್. ನಿಮ್ಮ ಗಮ್ ಕೆಲಸವೇ ಮಾಡಲ್ಲ ಅಂತ ಅಂಗಡಿಗೆ ಬಂದು ಜಗಳ ತೆಗೆಯುವವರಲ್ಲಿ ಮುಕ್ಕಾಲು ಪಾಲು ಅದನ್ನು ಬಬಲ್ ಗಮ್ ತರಹ ಜಗಿದವರು. ಹಾಗೆ ಜಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತದೆ, ಬಿಕ್ಕಳಿಕೆ, ಎದೆ ಉರಿ, ಅಷ್ಟೇ ಲಾಭ. ನಿಧಾನ ನಾಲ್ಕಾರು ಸಲ ಜಗಿಯಿರಿ, ಖಾರದ ಹಾಗೆ ಚುರ್ ಅಂದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಡಿ, ಹಳ್ಳಿಯಲ್ಲಿ ಹೊಗೆಸೊಪ್ಪು ಒತ್ತರಿಸಿ ಇಟ್ಟುಕೊಳ್ಳುತ್ತಾರಲ್ಲ ಹಾಗೆ. ಚುರುಕು ಹೋದ ಮೇಲೆ ಮತ್ತೆ ಸ್ವಲ್ಪ ಜಗಿದು ಜಾಗ ಬದಲಿಸಿ. ಅರ್ಧ ಗಂಟೆ ಬರುತ್ತದೆ. ಅದಕ್ಕೆ 15 ನಿಮಿಷ ಮೊದಲಿಂದ ಚಹಾ, ಕಾಫಿ, ಸೋಡಾ ಬೇಡ, ಬಾಯಿ ಹುಳಿಯಾದರೆ ಕೆನ್ನೆಯಿಂದ ನಿಕೋಟಿನ್ ಒಳಗೆ ಹೋಗುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಬೇಕು ಅನ್ನುವವರಿಗೆ 2 ಎಂಜಿ ಸಾಲದು, 4 ಎಂಜಿ ಬೇಕು. ಅದಕ್ಕೆ ನಾನು ಡಾಕ್ಟರ್ ಚೀಟಿ ಕೇಳುತ್ತೇನೆ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಇಳಿಸುತ್ತಾ ಒಟ್ಟು 12 ವಾರ. ಆಸೆ ಆದಾಗ ಒಂದು ಅಂತ ದಿನಕ್ಕೆ ಎರಡು ಜಗಿದು ಗಮ್ಮಿಗೆ ಬೈಯಬೇಡಿ.

ಗಮ್ ಸಾಲದವರಿಗೆ ಪ್ಯಾಚ್ ಇದೆ, ಎರಡನ್ನೂ ಜೊತೆಗೆ ಬಳಸಿದರೆ ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ವರೆನಿಕ್ಲಿನ್ ಅಂತ ಮಾತ್ರೆ ಇದೆ, ನಿಕೋಟಿನ್ ಕೂರುವ ಕುರ್ಚಿಯಲ್ಲಿ ತಾನೇ ಹೋಗಿ ಕೂರುತ್ತದೆ, ಸೇದಿದರೂ ಮಜಾ ಸಿಗಲ್ಲ. ವಾಕರಿಕೆ ಬರಬಹುದು, ಕನಸು ವಿಚಿತ್ರವಾಗಿರುತ್ತವೆ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಗಂಡನಿಗೆ ಗೊತ್ತಾಗದ ಹಾಗೆ ಚಹಾಕ್ಕೆ ಬೆರೆಸುವ ಪುಡಿ ಕೇಳಿಕೊಂಡೂ ಬರುತ್ತಾರೆ. ನಾನು ಅದನ್ನು ಇಟ್ಟಿಲ್ಲ, ಇಡುವುದೂ ಇಲ್ಲ.

ಎಣಿಕೆ ವಿಷಯ ನೀವು ಗಂಡಸರು ಜಗಳ ಆಡಿ ಮುಗಿಸಿ.


ವಾಸ್ಕೊದವ, ಗೋವಾ

ಅಕ್ಕಾರ, ಶರಣು ನಿಮಗ. ಇಷ್ಟು ತಿಳಿಸಿ ಯಾರೂ ಹೇಳಿರಲಿಲ್ಲ.

ನಾನು ಬಾಗಲಕೋಟೆ ಕಡೆಯವನು, ಇಲ್ಲಿ ವಾಸ್ಕೊದಲ್ಲಿ ಸೆಂಟ್ರಿಂಗ್ ಕೆಲಸದ ಗುತ್ತಿಗೆ. ಅಪ್ಪನ ಬೀಡಿ ಕದ್ದು ಶುರು ಮಾಡಿದವನು, ಬಿಟ್ಟು ಒಂದೂವರೆ ವರ್ಷ ಆಯಿತು. ಎಣಿಕೆಗೆ ನನ್ನ ಲೆಕ್ಕ ಹೇಳುತ್ತೇನೆ. ಕ್ರಿಕೆಟ್ ನೋಡುತ್ತೀರಿ ಅಲ್ವಾ? 47 ರನ್ ಆಗಿತ್ತು, ಒಂದು ವಿಕೆಟ್ ಬಿತ್ತು. ಒಂದು ವಿಕೆಟ್ ಬಿದ್ದರೆ ಬೋರ್ಡಿನ ಮೇಲೆ ಸೊನ್ನೆ ಬರೆಯುತ್ತಾರೇನು? ಒಂದು ವಿಕೆಟ್‌ಗೆ 47 ಅಂತ ಬರೆಯುತ್ತಾರೆ. ನಾಳೆ 48. ಆಟ ನಡೆದೈತಿ.


ಮಾಟುಂಗಾ ಮಾಣಿ

ಚೆಂದ ಉಂಟು. ಹತ್ತು ವಿಕೆಟ್ ಇದೆಯಲ್ಲ ಅಂತ ಇವರು ಇನ್ನೂ ಒಂಬತ್ತು ಸೇದುತ್ತಾರೆ.


ವಾಸ್ಕೊದವ, ಗೋವಾ

ಹಹಹ. ಅಣ್ಣಾ, ಇದು ಕೊನೇ ಜೋಡಿ ಆಡುತ್ತಿರುವ ಆಟ ಅಂತ ತಿಳಿದುಕೊಳ್ಳಲಿ. ಇನ್ನೊಂದು ಬಿದ್ದರೆ ಮುಗೀತು.

ಆದರೆ ಒಂದು ಮಾತು. ವಿಕೆಟ್ ಯಾವ ಚೆಂಡಿಗೆ ಬಿತ್ತು ಅಂತ ನೋಡಬೇಕು. ನನ್ನದು ಪ್ರತಿ ಸಲವೂ ಬಿಯರಿಗೆ ಬೀಳುತ್ತಿತ್ತು. ಇಲ್ಲಿ ಬಿಯರ್ ಅಗ್ಗ ಅಂತ ನಿಮಗೂ ಗೊತ್ತು. ಹಗಲೆಲ್ಲ ತಡೆದವನು ಸಂಜೆ ಎರಡನೇ ಗ್ಲಾಸಿಗೆ ಕೈ ಚಾಚುತ್ತಿದ್ದೆ. ಗೋವಾದಲ್ಲಿ ಎಲ್ಲರೆದುರು ಸೇದಬಾರದು, ಉಗುಳಬಾರದು ಅಂತ 1997ರಲ್ಲೇ ಕಾಯ್ದೆ ಬಂದಿದೆ, ದೇಶದ ಕಾಯ್ದೆ 2003ರದು. ಆದರೆ ಬಾರ್ ಹಿಂದಿನ ಮೆಟ್ಟಿಲಿಗೆ ಯಾವ ಕಾಯ್ದೆ. ಕೊನೆಗೆ ಮೂರು ತಿಂಗಳು ಬಿಯರನ್ನೇ ಬಿಟ್ಟೆ. ಗೆಳೆಯರು ನಕ್ಕರು. ಸೆಂಟ್ರಿಂಗ್ ಹಲಗೆ ಮೇಲೆ ಕೂತು ಕಿಸೆಯಲ್ಲಿ ಶೇಂಗಾ, ಪುಟಾಣಿ. ಬಾಯಿಗೆ ಕೆಲಸ, ಸಿಪ್ಪೆ ಸುಲಿಯಲು ಕೈಗೂ ಕೆಲಸ. ಐದು ಕಿಲೋ ದಪ್ಪ ಆದೆ, ಅದು ಬೇರೆ ಮಾತು.


ಬಾಲ್ಕನಿ ಮಾಲಕಿ, ಮುಲುಂಡ್

ನಾನು ಸೇದುವವಳಲ್ಲ, ಸೇದುವವರ ಹೆಂಡತಿ. ನಮ್ಮ ಕಡೆಯದನ್ನೂ ಕೇಳಿ.

ನಮ್ಮವರು ಮೊದಲ ಸಲ ಬಿಟ್ಟಾಗ ಐದನೇ ದಿನ ಮನೆಯಲ್ಲಿ ಇರಲಿಕ್ಕೆ ಆಗಲಿಲ್ಲ. ಸಾರಿಗೆ ಉಪ್ಪು ಕಡಿಮೆ ಅಂತ ಬೈದರು, ಉಪ್ಪು ತಂದಿಟ್ಟರೆ ಚಮಚ ಎಲ್ಲಿ ಅಂತ ಬೈದರು. ಮಗ ಹೆದರಿ ಮೂಲೆ ಸೇರಿದ್ದ. ನಾನೇ ಪರ್ಸಿನಿಂದ ದುಡ್ಡು ತೆಗೆದು ಕೈಗಿಟ್ಟು, ದಮ್ಮಯ್ಯ, ಕೆಳಗೆ ಹೋಗಿ ಒಂದು ಸೇದಿ ಬನ್ನಿ ಅಂದೆ. ಅವರು ಹೋದರು. ಬರುವಾಗ ಮಗನಿಗೆ ಚಾಕಲೇಟ್ ತಂದರು, ನನ್ನ ಹತ್ತಿರ ನಗುತ್ತಾ ಮಾತಾಡಿದರು. ನನಗೆ ಸಮಾಧಾನವೇ ಆಯಿತು ನೋಡಿ, ಅದು ನೆನೆದರೆ ಈಗಲೂ ನಾಚಿಕೆ. ಆಮೇಲೆ ಮೂರು ವರ್ಷ ಬಾಲ್ಕನಿ ಅವರದು, ಒಣಗಿದ ಬಟ್ಟೆಯ ವಾಸನೆ ನಮ್ಮದು.

ಎರಡನೇ ಸಲ ಪ್ಯಾಕೆಟ್ ಮೇಲಿನ ನಂಬರಿಗೆ ಫೋನ್ ಮಾಡಿಸಿದೆ. 1800-11-2356, ದುಡ್ಡು ಬೀಳುವುದಿಲ್ಲ. ದಕ್ಷಿಣದ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನವರು ಮಾತಾಡುತ್ತಾರೆ, ಕನ್ನಡದಲ್ಲಿ. ಇಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್‌ನಲ್ಲೂ ಒಂದು ಕೇಂದ್ರ ಇದೆ. ಅವರು ಮೊದಲು ಬಿಡುವ ದಿನ ಗೊತ್ತು ಮಾಡಿ ಮನೆಯವರಿಗೆ ಹೇಳಿ ಅಂದರಂತೆ. ಸಿಟ್ಟು ಮೊದಲ ವಾರ ಜಾಸ್ತಿ, ಎರಡರಿಂದ ನಾಲ್ಕು ವಾರಕ್ಕೆ ಇಳಿಯುತ್ತದೆ ಅಂತ ನನಗೂ ಗೊತ್ತಾಯಿತು. ಕೊನೆ ಯಾವಾಗ ಅಂತ ಗೊತ್ತಿದ್ದರೆ ಯಾವ ಬೈಗುಳವನ್ನೂ ಸಹಿಸಬಹುದು. ನಾನು ಸುಮ್ನೆ ಆ ಎರಡು ವಾರಕ್ಕೆ ಮಗನನ್ನು ಕರೆದುಕೊಂಡು ತವರಿಗೆ ಹೋದೆ.

ಸ್ಲೋ ಲೋಕಲ್ ಅವರೇ, ಹೆಂಡತಿಗೆ ಹೇಳಿದ್ದೀರಾ? ಏಲಕ್ಕಿ ವಾಸನೆ ನಮಗೆಲ್ಲ ಗೊತ್ತು. ಅಷ್ಟು ಏಲಕ್ಕಿ ಯಾರೂ ಸುಮ್ನೆ ತಿನ್ನುವುದಿಲ್ಲ.


ಸ್ಲೋ ಲೋಕಲ್, ಡೊಂಬಿವಲಿ (ಗುರುವಾರ ರಾತ್ರಿ)

ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಮೇಡಂ, ಇನ್ನೂ ಹೇಳಿಲ್ಲ. ಅಕ್ಕಾ, ಗಮ್ ತಂದೆ, ನೀವು ಹೇಳಿದ ಹಾಗೆ ಕೆನ್ನೆಗೆ ಒತ್ತಿಟ್ಟು ಮೀಟಿಂಗಿನಲ್ಲಿ ಕೂತೆ, ಹಲ್ಲು ನೋವಾ ಅಂತ ಬಾಸ್ ಕೇಳಿದರು.

ವಾಸ್ಕೊದವರ ಮಾತು ಯೋಚಿಸಿದೆ. ನನ್ನ ವಿಕೆಟ್ ಚಹಾಕ್ಕೆ ಬಿತ್ತು. ಮನೆಯ ಚಹಾ ಅಲ್ಲ, ಗಾಜಿನ ಲೋಟದ ಕಟಿಂಗ್, ನಿಂತುಕೊಂಡು ಕುಡಿಯುವುದು. ಮನೆಯಲ್ಲಿ ಕೂತು ಕುಡಿದರೆ ಆಸೆಯೇ ಆಗಲ್ಲ. ಟಪರಿಯ ಕಂಬಕ್ಕೆ ದಾರದಲ್ಲಿ ಲೈಟರ್ ನೇತು ಹಾಕಿರುತ್ತಾರಲ್ಲ, ಅದು ಗಾಳಿಗೆ ಆಡುವುದು ಕಂಡರೂ ಸಾಕು, ಎಡಗೈ ಮೇಲೆ ಹೋಗುತ್ತದೆ. ಮಹಾರಾಷ್ಟ್ರದಲ್ಲಿ 2020ರಲ್ಲೇ ಬಿಡಿ ಸಿಗರೇಟ್ ಮಾರಬಾರದು ಅಂತ ಆದೇಶ ಆಗಿದೆ. ಎಲ್ಲಿ? ನನಗೆ ಭಾಂಡುಪಿನಲ್ಲಿ ಬಿಡಿಯಾಗಿಯೇ ಸಿಕ್ಕಿತು. ಇಡೀ ಪ್ಯಾಕೆಟ್ ತೆಗೆದುಕೊಳ್ಳಬೇಕು ಅಂದಿದ್ದರೆ ನಾನು ಬಹುಶಃ ತೆಗೆದುಕೊಳ್ಳುತ್ತಿರಲಿಲ್ಲ. ಸಿಗರೇಟ್ ಬಿಡಿ ಅನ್ನುವುದೂ ಬಿಡಿ ಸಿಗರೇಟ್ ಅನ್ನುವುದೂ ಅದೇ ಎರಡು ಪದ, ಯಾವುದನ್ನು ಮೊದಲು ಓದುತ್ತೇವೆ ಅನ್ನುವುದರಲ್ಲೇ ನಮ್ಮ ಹಣೆಬರಹ.


ಹಿಂಜವಡಿ ಹೈದ, ಪುಣೆ

ಕಾಫಿ ಎರಡಕ್ಕೆ ಇಳಿಸಿದೆ ಅಕ್ಕಾ, ನಿನ್ನೆ ರಾತ್ರಿ ಆರು ಗಂಟೆ ನಿದ್ದೆ! ನನ್ನ ಟೀಮಿನಲ್ಲಿ ಒಬ್ಬ ವೇಪ್‌ಗೆ (ಇ-ಸಿಗರೇಟಿಗೆ) ಬದಲಾಯಿಸಿಕೋ ಅನ್ನುತ್ತಿದ್ದಾನೆ. ಏನನ್ನುತ್ತೀರಿ?


ಔಷಧಿ ಅಂಗಡಿ ಅಕ್ಕ, ಪುಣೆ

2019ರಿಂದ ನಮ್ಮ ದೇಶದಲ್ಲಿ ಅದನ್ನು ಮಾರುವಂತೆಯೇ ಇಲ್ಲ. ಕದ್ದು ಬರುವ ಮಾಲಿನಲ್ಲಿ ಒಳಗೆ ಏನಿದೆ ಅಂತ ಮಾರುವವನಿಗೂ ಗೊತ್ತಿಲ್ಲ. ಇಷ್ಟು ದಿನ ಬಿಟ್ಟವನು ಹೊಸ ಚಟ ಯಾಕೆ ಕೊಂಡುಕೊಳ್ಳುತ್ತೀಯ.


ಠಾಣೆ ಕಾಕಾ

ನಿಧಾನ ಓದುತ್ತಾ ಬಂದೆ, ಎಲ್ಲರಿಗಿಂತ ವಯಸ್ಸಿನಲ್ಲಿ ದೊಡ್ಡವನು ನಾನೇ ಇರಬೇಕು, 71.

ನಾನು ಬಿಟ್ಟದ್ದು 2009ರಲ್ಲಿ, ಗುಣದಿಂದಲ್ಲ, ಹೆದರಿಕೆಯಿಂದ. ಎದೆನೋವು ಬಂತು, ಸ್ಟೆಂಟ್ ಹಾಕಿದರು. ಅದಕ್ಕೆ ಹಿಂದಿನ ವರ್ಷ, 2008ರ ಅಕ್ಟೋಬರ್ 2ರಿಂದ ಆಫೀಸು, ಹೋಟೆಲಿನಲ್ಲೆಲ್ಲ ಸೇದುವುದು ನಿಂತಿತ್ತು. ಅದಕ್ಕೂ ಮೊದಲು ನಾವು ಮೇಜಿನ ಮೇಲೆ ಆಶ್‌ಟ್ರೇ ಇಟ್ಟುಕೊಂಡೇ ಫೈಲ್ ನೋಡಿದವರು. ಎದುರು ಕೂತ ಹೆಣ್ಣುಮಕ್ಕಳು ಕೆಮ್ಮುತ್ತಿದ್ದರು, ನಾವು ಫ್ಯಾನ್ ಜೋರು ಮಾಡುತ್ತಿದ್ದೆವು. ದೊಡ್ಡ ಉಪಕಾರ!

ಸ್ಟೆಂಟ್ ಆದ ಮೇಲೂ ನಾನು ಡಾಕ್ಟರ ಹತ್ತಿರ ಚೌಕಾಸಿ ಮಾಡಿದೆ, ದಿನಕ್ಕೆ ಒಂದೇ ಒಂದು, ಊಟ ಆದ ಮೇಲೆ, ಅಂತ. ಆಗ ಅವರು ಬೈದರು ಅಷ್ಟೇ, ಕಾರಣ ನನಗೆ ಗೊತ್ತಾದದ್ದು ಆಮೇಲೆ. 2018ರಲ್ಲಿ ಲಂಡನ್ನಿನ ವೈದ್ಯರ ಪತ್ರಿಕೆಯೊಂದರಲ್ಲಿ ಹಲವು ಅಧ್ಯಯನ ಸೇರಿಸಿ ಲೆಕ್ಕ ಹಾಕಿದ್ದು ಬಂತು. ದಿನಕ್ಕೆ ಒಂದೇ ಸೇದುವವನಿಗೂ ಹೃದಯದ ಹೆಚ್ಚುವರಿ ಅಪಾಯ 20 ಸೇದುವವನದರ ಸುಮಾರು ಅರ್ಧದಷ್ಟಿರುತ್ತದಂತೆ. ಇಪ್ಪತ್ತರಲ್ಲಿ ಒಂದು ಪಾಲು ಅಲ್ಲ, ಅರ್ಧ. ಕ್ಯಾನ್ಸರಿನ ಲೆಕ್ಕ ಬೇರೆ, ಹೃದಯಕ್ಕೆ ಮಾತ್ರ ಈ ಚೌಕಾಸಿ ನಡೆಯುವುದಿಲ್ಲ. ಒಳ್ಳೆಯ ಸುದ್ದಿಯೂ ಇದೆ. ಪೂರ್ತಿ ಬಿಟ್ಟು ವರ್ಷ ಆಗುವ ಹೊತ್ತಿಗೆ ಹೃದಯದ ಆ ಹೆಚ್ಚುವರಿ ಅಪಾಯ ಅರ್ಧಕ್ಕೆ ಬರುತ್ತದೆ, ಶ್ವಾಸಕೋಶದ ಕ್ಯಾನ್ಸರಿನದು ಅರ್ಧವಾಗಲು ಹತ್ತು ವರ್ಷ ಬೇಕು.

ಎಣಿಕೆ ನಾನು ಯಾವಾಗಲೋ ನಿಲ್ಲಿಸಿದೆ. ಆದರೆ ಒಂದು ಹೇಳುತ್ತೇನೆ, ಈಗಲೂ ವರ್ಷಕ್ಕೆ ಎರಡು ಮೂರು ಸಲ ಕನಸಿನಲ್ಲಿ ಸೇದುತ್ತೇನೆ. ಹಳೇ ಆಫೀಸಿನ ಮೆಟ್ಟಿಲು, ಕೈಯಲ್ಲಿ ಸಿಗರೇಟ್, ಅಯ್ಯೋ ಸೇದಿಬಿಟ್ಟೆನಲ್ಲ ಅಂತ ಎದೆ ಧಸಕ್ಕೆನ್ನುತ್ತದೆ. ಎಚ್ಚರ ಆದ ಮೇಲೆ ಬೆರಳು ಮೂಸಿ ನೋಡಿಕೊಳ್ಳುತ್ತೇನೆ. ಮನೆಯವಳು ಇದ್ದಾಗ ಅದನ್ನು ನೋಡಿ ನಗುತ್ತಿದ್ದಳು.


ಮಾಟುಂಗಾ ಮಾಣಿ

ಕಾಕಾ, ಆ ಕನಸು ನನಗೂ ಬೀಳುತ್ತದೆ. ನನಗೊಬ್ಬನಿಗೇ ಅಂದುಕೊಂಡಿದ್ದೆ.


ಗಟ್ಟಿ ಮನಸ್ಸು

ನನಗೂ ಬೀಳುತ್ತದೆ.


ವಾಸ್ಕೊದವ, ಗೋವಾ

ಬಂತು ನೋಡ್ರಿ ಹೊರಗ! ಗಟ್ಟಿ ಮನಸ್ಸಿಗೂ ಕನಸು ಬೀಳತೈತಿ.


ಸ್ಲೋ ಲೋಕಲ್, ಡೊಂಬಿವಲಿ (ಹದಿನಾರು ದಿನ ಕಳೆದು, ಶನಿವಾರ)

ನಡುವೆ ಬರೆಯಲಿಲ್ಲ, ಕ್ಷಮಿಸಿ. ಬರೆಯಲು ಏನೂ ಇರಲಿಲ್ಲ, ಅದೇ ಒಳ್ಳೆಯದು ಅಂದುಕೊಳ್ಳಿ. ಆ ದಿನದ ಮೇಲೆ ಮತ್ತೆ ಸೇದಿಲ್ಲ.

ಅವತ್ತು ನಿಮಗೆ ಬರೆದ ಮರುದಿನ ರಾತ್ರಿ ಮನೆಯಲ್ಲಿ ಹೇಳಿದೆ. ಹೆಂಡತಿ, ಮಂಗಳವಾರವೇ ಗೊತ್ತಿತ್ತು, ನೀವಾಗಿಯೇ ಹೇಳುತ್ತೀರಾ ಅಂತ ನೋಡುತ್ತಿದ್ದೆ ಅಂದಳು. ಏಲಕ್ಕಿ ಡಬ್ಬಿ ಈಗ ಬೇರೆ ಕಡೆ ಇದೆ. ಮಗಳಿಗೆ ಸಿಟ್ಟು ಬಂತು, ಆದರೆ ಸಿಗರೇಟಿಗಲ್ಲ. ಪೆನ್ನಿನಲ್ಲಿ ಟಿಕ್ ಹಾಕಿಬಿಟ್ಟಿದ್ದೀನಿ, ಮೊದಲೇ ಹೇಳುವುದಲ್ವಾ, ಈಗ ಹೇಗೆ ಅಳಿಸಲಿ ಅಂತ. ವೈಟ್ನರ್ ಹುಡುಕಿದಳು, ಒಣಗಿ ಹೋಗಿತ್ತು. ಕೊನೆಗೆ ಆ ದಿನದ ಚೌಕದಲ್ಲಿ ಟಿಕ್ ಪಕ್ಕ ಚಿಕ್ಕದಾಗಿ 2 ಅಂತ ಬರೆದಳು. ಮರುದಿನ ಮತ್ತೆ ಟಿಕ್. ಒಂದರಿಂದಲೋ 49ರಿಂದಲೋ ಅಂತ ಅವಳು ಕೇಳಲೂ ಇಲ್ಲ, ಅವಳ ಕ್ಯಾಲೆಂಡರಿಗೆ ಅದು ಬೇಕಾಗಿಯೂ ಇಲ್ಲ.

ಆಫೀಸಿನ ಗೆಳೆಯನಿಗೂ ಹೇಳಿದೆ, ನನಗೆ ಚಾಚಬೇಡ ಮಾರಾಯಾ ಅಂತ. ಅವನಿಗೆ ತುಂಬಾ ಬೇಜಾರಾಯಿತು. ಈಗ ಮಧ್ಯಾಹ್ನ ಟಪರಿಗೆ ಹೋಗುವ ಬದಲು ಇಬ್ಬರೂ ಎದುರಿನ ಉಡುಪಿ ಹೋಟೆಲಿನಲ್ಲಿ ಕೂತು ಕುಡಿಯುತ್ತೇವೆ. ಚಹಾಕ್ಕೆ ರೇಟು ಜಾಸ್ತಿ, ಆದರೆ ಒಳಗೆ ಸೇದುವ ಹಾಗಿಲ್ಲ. ಅವನದೂ ದಿನಕ್ಕೆ ಎರಡು ಕಡಿಮೆ ಆಗಿದೆ.

ಈಗ ಹೊಸ ಹೆದರಿಕೆ. ಚೌತಿಗೆ ಊರಿಗೆ ಹೋಗಬೇಕು, ಟಿಕೆಟ್ ಆಗಿದೆ. ಮೂರು ರಾತ್ರಿ. ಅಲ್ಲಿ ಭಾವಂದಿರೆಲ್ಲ ಊಟ ಆದ ಮೇಲೆ ಕೊಟ್ಟಿಗೆ ಹಿಂದೆ ಸೇರುತ್ತಾರೆ, ಎಲೆಅಡಿಕೆ ತಟ್ಟೆ, ಇಸ್ಪೀಟು, ಸಿಗರೇಟು. ವರ್ಷಕ್ಕೊಮ್ಮೆ ಸಿಗುವ ಜನ. ಹೋಗದೇ ಇರಲು ಆಗಲ್ಲ, ಹೋಗಿ ಹೇಗೆ ಸುಮ್ನೆ ಕೂರುವುದು ಗೊತ್ತಾಗುತ್ತಿಲ್ಲ.


ಔಷಧಿ ಅಂಗಡಿ ಅಕ್ಕ, ಪುಣೆ

ಗಮ್ ಇಲ್ಲಿಂದಲೇ ಕೊಂಡು ಹೋಗಿ, ಹಳ್ಳಿಯಲ್ಲಿ ಸಿಗುತ್ತದೆ ಅಂತ ನಂಬಬೇಡಿ. ಕೊಟ್ಟಿಗೆ ಕಡೆ ಹೊರಡುವ ಮೊದಲೇ ಒಂದು ಕೆನ್ನೆಗೆ ಇಟ್ಟುಕೊಳ್ಳಿ, ಆಸೆ ಆದ ಮೇಲೆ ಅಲ್ಲ. ಮತ್ತೆ ಎಲೆಅಡಿಕೆ ಸರಿ ಅಂತ ತಂಬಾಕು ಹಾಕಿಕೊಂಡೀರಿ ಜೋಕೆ. ಅಡಿಕೆಯೂ ಬಾಯಿಗೆ ಒಳ್ಳೆಯದಲ್ಲ, ಆದರೆ ಶಿರಸಿಯವರಿಗೆ ಅದನ್ನು ಹೇಳಿ ನಾನು ಪೆಟ್ಟು ತಿನ್ನುವುದಿಲ್ಲ.


ವಾಸ್ಕೊದವ, ಗೋವಾ

ಇಸ್ಪೀಟು ಕಲೆಸಿ ಹಂಚುವ ಕೆಲಸ ನೀವೇ ಇಟ್ಟುಕೊಳ್ಳಿ. ಎರಡೂ ಕೈ ತುಂಬಿರುತ್ತವೆ.


ಮಾಟುಂಗಾ ಮಾಣಿ

ಚಪ್ಪರದ ಹಿಂದೆ ಹೋದವನು ನಾನು, ಅದಕ್ಕೆ ಹೇಳುತ್ತೇನೆ. ಹೋಗಿ ಕೂರುವ ಮೊದಲು ನಾಲ್ಕು ಜನರ ಎದುರು ಜೋರಾಗಿ ಹೇಳಿಬಿಡಿ, ನಾನು ಬಿಟ್ಟಿದ್ದೇನೆ ಅಂತ. ನಾನು ನಾಚಿಕೆಗೆ ಹೇಳಿರಲಿಲ್ಲ. ತಮಾಷೆ ಮಾಡುತ್ತಾರೆ, ಮಾಡಲಿ.

ಆದರೂ ತಡೆಯಲಿಕ್ಕೆ ಆಗುವುದಿಲ್ಲ ಅನಿಸಿದರೆ ಎದ್ದು ಅಂಗಳಕ್ಕೆ ಬಂದು ನನಗೆ ಫೋನ್ ಮಾಡಿ, ನಂಬರ್ ಬೇರೆಯಾಗಿ ಕಳಿಸಿದ್ದೇನೆ. ಚೌತಿ ದಿನ ಹೋಟೆಲ್ ಮುಚ್ಚುವಾಗ ಹನ್ನೊಂದೂವರೆ ಆಗುತ್ತದೆ, ಅದರ ಮೇಲೆ ಎಷ್ಟು ಹೊತ್ತಾದರೂ ಸರಿ. ಸಿಗ್ನಲ್ ಸಿಗುವ ಜಾಗ ಮಾತ್ರ ಹಗಲು ಹೊತ್ತಿನಲ್ಲೇ ನೋಡಿಟ್ಟುಕೊಳ್ಳಿ.